ನನ್ನ ಫೋನನ್ನು ಎರಡು ಕಂಪ್ಯೂಟರಿಗೆ ಜೋಡಿಸಿದ್ದು

ಆಗ ನನಗೆ ಅರವತ್ತೇಳು ವರ್ಷ. ಇದಾಗಿ ಮೂರು ವರ್ಷ ಆಯಿತು. ಹಲಸೂರಿನಲ್ಲಿ ಮಗಳ ಜೊತೆ ಇದ್ದೆ, ಈಗಲೂ ಅಲ್ಲೇ ಇದ್ದೀನಿ. ನನ್ನ ಕೆಲಸ ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ನೀರು ಹಾಕುವುದು. ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೊಂದರ ಹೊತ್ತಿಗೆ ಮೂರು ಮನೆ ಮುಗಿಯುತ್ತಿತ್ತು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕೂರಬೇಕು, ಮಗುವನ್ನು ಕಾಲಿನ ಮೇಲೆ ಬೋರಲು ಮಲಗಿಸಬೇಕು, ಬೆನ್ನು ತಿಕ್ಕಬೇಕು, ಬಿಸಿನೀರು ಹುಯ್ಯಬೇಕು, ಒರೆಸಿ ಸಾಂಬ್ರಾಣಿ ಹೊಗೆ ತೋರಿಸಿ ಸುತ್ತಿ ಕೊಡಬೇಕು. ಮೂವತ್ತೆಂಟು ವರ್ಷ ಇದನ್ನೇ ಮಾಡಿದ್ದೆ. ಪುಣ್ಯದ ಕೆಲಸ ಅಂತಾರೆ ಜನ. ಪುಣ್ಯದ ವಿಚಾರ ನನಗೆ ಗೊತ್ತಿಲ್ಲ. ಸೊಂಟ ಹೋಗಿದೆ, ಅದು ಗೊತ್ತು.

ಈ ಕೆಲಸಕ್ಕೆ ಕೈ ಇದ್ದರೆ ಸಾಲದು, ಬಾಯಿ ಮುಚ್ಚಿಕೊಂಡಿರಬೇಕು. ಬಚ್ಚಲಲ್ಲಿ ಕೂತವಳಿಗೆ ಮನೆಯ ಗುಟ್ಟೆಲ್ಲ ಕಿವಿಗೆ ಬೀಳುತ್ತೆ. ಯಾರಿಗೆ ಹಾಲು ಬರ್ತಿಲ್ಲ, ಯಾವ ಗಂಡ ಆಸ್ಪತ್ರೆ ಕಡೆ ತಲೆನೇ ಹಾಕಲಿಲ್ಲ, ಯಾವ ಅತ್ತೆ ತುಪ್ಪ ಬಚ್ಚಿಡ್ತಾಳೆ, ಎಲ್ಲಾ. ಒಂದು ಮನೆ ಮಾತು ಇನ್ನೊಂದು ಮನೆಯಲ್ಲಿ ಆಡಿದರೆ ಎರಡು ಮನೆಯೂ ಹೋಯಿತು. ನಾನು ಆಡಲಿಲ್ಲ. ಅದಕ್ಕೇ ತಾಯಿಗೆ ನೀರು ಹಾಕಿದ ಮನೆಯಲ್ಲಿ ಮಗಳಿಗೂ ಹಾಕಿದೆ. ನನ್ನ ಕೈಯಲ್ಲಿ ಇದ್ದದ್ದು ಆ ಮನೆಗಳ ನಂಬಿಕೆ ಒಂದೇ, ಬೇರೆ ಏನೂ ಇರಲಿಲ್ಲ.

ನಮ್ಮ ಕೆಲಸದವರಲ್ಲಿ ಎರಡು ಕಟ್ಟುಪಾಡು ಇತ್ತು. ಒಬ್ಬಳು ನೀರು ಹಾಕೋ ಮನೆಗೆ ಅವಳೇ ಹೇಳಿ ಕಳಿಸದೆ ಇನ್ನೊಬ್ಬಳು ಹೋಗುವಂತಿಲ್ಲ. ಮತ್ತೆ, ಮಗುಗೆ ಎಣ್ಣೆ ಹಚ್ಚೋಕೆ ಶುರು ಮಾಡಿದ ಕೈ ಮೂರು ತಿಂಗಳು ತುಂಬುವ ತನಕ ಬದಲಾಗಬಾರದು. ಮಗುಗೆ ಕೈ ಗುರುತು ಸಿಕ್ಕಿರುತ್ತೆ, ಬದಲಾದರೆ ರಚ್ಚೆ ಹಿಡಿಯುತ್ತೆ. ಇದನ್ನ ಯಾರೂ ಬರೆದು ಗೋಡೆಗೆ ಅಂಟಿಸಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮೊದಲು ನನ್ನ ಹತ್ತಿರ ಗುಂಡಿ ಒತ್ತುವ ಫೋನ್ ಇತ್ತು. ಒಂದು ದಿನ ಸೊಂಟದಿಂದ ಜಾರಿ ಬಿಸಿನೀರಿನ ಬಕೆಟ್ಟಿಗೆ ಬಿತ್ತು. ಒಣಗಿಸಿದೆ, ಅಕ್ಕಿಯಲ್ಲಿ ಹೂತಿಟ್ಟೆ, ಏಳಲಿಲ್ಲ. ನಂಬರುಗಳೆಲ್ಲ ಅದರ ಜೊತೆಗೇ ಹೋದವು. ಹೊಸ ಸಿಮ್ಮು ಹಾಕಿಸಿದ್ದರಿಂದ ನನ್ನ ನಂಬರೂ ಬದಲಾಗಿತ್ತು. ಒಂದು ದಿನ ಸೀಗೇಕಾಯಿ ತರೋಣ ಅಂತ ರಸೆಲ್ ಮಾರುಕಟ್ಟೆಗೆ ಹೋಗಿದ್ದಾಗ ಶಿವಾಜಿನಗರದ ಒಂದು ಮನೆಯ ಹೆಂಗಸು ಎದುರಿಗೆ ಸಿಕ್ಕಿ ಹಿಡಿದುಕೊಂಡಳು.

"ಕ್ಯಾ ಅಮ್ಮಾ, ಹನ್ನೊಂದು ದಿನ ಕಾದ್ವಿ ನಿಮಗೆ. ಎಷ್ಟ್ ಮಾಡಿದ್ರೂ ಫೋನ್ ಲಗ್ತಾಚ್ ನೈ. ಸತ್ತೋಗ್ಬಿಟ್ರೇನೋ ಅಂದ್ಕೊಂಡ್ವಿ!"

"ಫೋನ್ ಸತ್ತಿದ್ದು, ನಾನಲ್ಲ" ಅಂದೆ. ಅಷ್ಟು ಹೊತ್ತಿಗೆ ಅವರು ಬೇರೆಯವಳನ್ನ ಕರೆಸಿಕೊಂಡಿದ್ದರು. ಆ ಮಗು ನನ್ನ ಕೈಗೆ ಸಿಗಲಿಲ್ಲ.

ಅದಾದ ಮೇಲೆ ಮಗಳು ಸ್ಮಾರ್ಟ್‌ಫೋನ್ ತಂದುಕೊಟ್ಟಳು. ಅವಳು ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಮನೆಯಲ್ಲಿ ಅವಳದೊಂದು ಲ್ಯಾಪ್‌ಟಾಪ್ ಇದೆ. ನಾನು ಮನೆ ಮನೆಗೆ ಹೋಗಿ ನಂಬರುಗಳನ್ನ ಮತ್ತೆ ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದೆ. ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಅವಳು ಲ್ಯಾಪ್‌ಟಾಪನ್ನ ತೊಡೆ ಮೇಲಿಟ್ಟುಕೊಂಡು ಕೂತಳು.

"ಒಂದೊಂದೇ ಹೇಳಮ್ಮ. ಹೆಸರೇನು?"

"ಹೆಸರು ಯಾವನಿಗ್ ಗೊತ್ತು. ಜೋಡಿ ಬಾಗಿಲ ಮನೆ ಅಂತ ಹಾಕು."

"ಯಾವ ಜೋಡಿ ಬಾಗಿಲು?"

"ಅದೇ ಕಣೇ, ಸೊಸೆ ಸೀಗೇಕಾಯಿ ಬೇಡ ಶಾಂಪೂ ಹಾಕಿ ಅಂತಾಳಲ್ಲ."

"ಅದನ್ನೂ ಬರೀಲಾ?"

"ಬರಿ. ಮರೆತು ಸೀಗೇಪುಡಿ ಹಾಕ್ಬಿಟ್ರೆ ಬಯ್ತಾಳೆ."

ನಂಬರಿನ ಕೆಳಗೆ ಏನು ಬೇಕಾದರೂ ಬರೆದುಕೊಳ್ಳೋಕೆ ಜಾಗ ಇತ್ತು. ಅದು ನನಗೆ ಬಹಳ ಹಿಡಿಸಿತು. ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನ ಅಕ್ಷರ ಕೂಡಿಸಿಕೊಂಡು ಓದ್ತೀನಿ, ಬರೆಯುವುದು ನಿಧಾನ. ಅಷ್ಟು ವರ್ಷ ತಲೆಯಲ್ಲಿ ಹೊತ್ತಿದ್ದನ್ನ ಇಳಿಸೋಕೆ ಒಂದು ಜಾಗ ಸಿಕ್ಕಿತು. ಈ ಮನೆಯಲ್ಲಿ ನಾಯಿ ಇದೆ, ಆ ಮನೆಯಲ್ಲಿ ಅತ್ತೆ ಪಕ್ಕದಲ್ಲೇ ನಿಂತು ನೋಡ್ತಾಳೆ, ಇನ್ನೊಂದು ಮನೆಯಲ್ಲಿ ಎರಡನೇ ಮಗಳಿಗೆ ಈಗ ಐದನೇ ತಿಂಗಳು. ಹೇಳಿದ್ದನ್ನೆಲ್ಲ ಅವಳು ಟಕಟಕ ಅಂತ ಹೊಡೆದಳು. ಹೊಡೆದು ಮುಗಿಸೋ ಅಷ್ಟರಲ್ಲಿ ನನ್ನ ಫೋನಿನಲ್ಲಿ ಬಂದು ಕೂತಿತ್ತು.

"ಇದಕ್ಕೆ ಸಿಂಕ್ ಅಂತಾರಮ್ಮ. ಇನ್ಮೇಲೆ ಫೋನ್ ನೀರಿಗ್ ಬೀಳ್ಲಿ, ಕಳ್ಳ ಎತ್ಕೊಂಡ್ ಹೋಗ್ಲಿ, ಲ್ಯಾಪ್‌ಟಾಪಲ್ಲಿ ಇರುತ್ತೆ. ಇಲ್ಲಿ ಬರೆದ್ರೆ ಅಲ್ಲೂ ಬರುತ್ತೆ. ಇಲ್ಲಿ ಅಳಿಸಿದ್ರೆ ಅಲ್ಲೂ ಹೋಗುತ್ತೆ."

"ಇಲ್ಲಿ ಅಳಿಸಿದ್ರೆ ಅಲ್ಲೂ ಹೋಗೋದಾದ್ರೆ ಎರಡ್ ಕಡೆ ಇಟ್ಟು ಏನ್ ಬಂತು?"

"ಸುಮ್ನಿರಮ್ಮ" ಅಂದಳು. ಈ ಪ್ರಶ್ನೆಗೆ ಇವತ್ತಿನ ತನಕ ಯಾರೂ ನನಗೆ ಉತ್ತರ ಹೇಳಿಲ್ಲ.

ಆಮೇಲೆ ಪ್ರತಿ ಭಾನುವಾರ ಅದೇ ಕೆಲಸ. ಆ ವಾರ ಕೇಳಿದ್ದನ್ನ ನಾನು ಹೇಳೋದು, ಅವಳು ಬರೆಯೋದು. ಸುಮಾರು ಒಂದು ವರ್ಷ ಹೀಗೆ ನಡೆಯಿತು. ನೂರರ ಮೇಲೆ ಮನೆಗಳು ಆದವು.

ಅಷ್ಟರಲ್ಲಿ ಇಂದಿರಾನಗರದ ಕಡೆ ಹಳೇ ಮನೆಗಳು ಬಿದ್ದು ಅಪಾರ್ಟ್‌ಮೆಂಟ್ ಎದ್ದವು. ಗೇಟಿನಲ್ಲಿ ಸೆಕ್ಯುರಿಟಿಯವನು ಯಾವ ಕಂಪನಿ, ಕಾರ್ಡ್ ಎಲ್ಲಿ ಅಂತ ಕೇಳುತ್ತಿದ್ದ. ಮೂವತ್ತು ವರ್ಷದಿಂದ ಹೋಗುತ್ತಿದ್ದ ಬೀದಿಯಲ್ಲಿ ನಾನು ಯಾರು ಅಂತ ಹೇಳಿಕೊಂಡು ನಿಲ್ಲಬೇಕಾಯಿತು. ಸಾಕಾಯಿತು. ದೊಮ್ಮಲೂರಿನಲ್ಲಿ ಒಬ್ಬ ಮೇಡಂ ಬಾಣಂತಿ ಆರೈಕೆಗೆ ಹೆಂಗಸರನ್ನ ಕಳಿಸುವ ಒಂದು ಸಣ್ಣ ಆಫೀಸು ಇಟ್ಟಿದ್ದರು. ಅಲ್ಲಿ ಸೇರಿದೆ. ಅಪಾರ್ಟ್‌ಮೆಂಟಿನ ಮನೆಗಳಿಗೆ ಆಫೀಸಿನಿಂದ ಹೋಗೋದು, ನನ್ನ ಹಳೇ ಮನೆಗಳಿಗೆ ನಾನೇ ಹೋಗೋದು, ಹಾಗಂತ ಮಾತಾಗಿತ್ತು. ಕೊರಳಿಗೆ ಕಾರ್ಡು ಬಂತು. ಗೇಟಿನವನು ಸುಮ್ಮನಾದ.

ಸೇರಿದ ಎರಡನೇ ದಿನ ಆಫೀಸಿನ ಹುಡುಗಿ ನನ್ನ ಫೋನ್ ಕೇಳಿದಳು.

"ಕೊಡಿ ಅಜ್ಜಿ, ಇಲ್ಲಿನ ಕಂಪ್ಯೂಟರಿಗೆ ಸಿಂಕ್ ಮಾಡ್ತೀನಿ. ನಾಳೆ ಯಾವ ಮನೆ, ಎಷ್ಟ್ ಗಂಟೆಗೆ, ಎಲ್ಲಾ ಫೋನಿಗೇ ಬಂದ್ಬಿಡುತ್ತೆ."

"ಮಾಡಮ್ಮ."

"ಕ್ಯಾಲೆಂಡರ್ ಒಂದೇ ಸಾಕಾ? ಕಾಂಟ್ಯಾಕ್ಟು, ಫೋಟೋ, ಅವನ್ನೂ ಹಾಕ್ಲಾ ಅಂತ ಕೇಳ್ತಿದೆ."

"ಎಲ್ಲಾ ಹಾಕು. ಒಂದನ್ನೂ ಬಿಡ್ಬೇಡ. ಒಂದ್ಸಲ ನೀರಿಗ್ ಹಾಕ್ಕೊಂಡು ಅನುಭವಿಸಿದೀನಿ."

"ಎಲ್ಲಾ ಅಂದ್ರೆ ಎಲ್ಲಾನಾ?"

"ಹೂಂ ಅಂದ್ನಲ್ಲ."

ಎರಡು ಸಲ ಕೇಳಿದಳು. ಅವಳದ್ದು ತಪ್ಪಿಲ್ಲ. ಒಂದು ಕಡೆ ಇಟ್ಟರೆ ಕಳೆದುಹೋಗುತ್ತೆ, ಎರಡು ಕಡೆ ಇದ್ದರೆ ಭದ್ರ, ಮೂರು ಕಡೆ ಇದ್ದರೆ ಇನ್ನೂ ಭದ್ರ ಅಂತ ನಾನು ಅಂದುಕೊಂಡಿದ್ದೆ. ಪಾತ್ರೆ ಪಗಡ ಇಟ್ಟ ಹಾಗೆ ಅಂತ ನನ್ನ ಲೆಕ್ಕ.

ಆಮೇಲೆ ಎರಡು ತಿಂಗಳು ತಲೆ ಚಿಟ್ಟು ಹಿಡಿಯಿತು. ಮನೆಯ ಕಂಪ್ಯೂಟರಿನಲ್ಲಿ ಬರೆದದ್ದು ಆಫೀಸಿನಲ್ಲಿ ಕಾಣೋದು, ಆಫೀಸಿನದ್ದು ಮನೆಯಲ್ಲಿ ಕಾಣೋದು. ಮಧ್ಯೆ ನನ್ನ ಫೋನು, ಇಬ್ಬರು ಸೊಸೆಯರ ನಡುವೆ ಸಿಕ್ಕಿಕೊಂಡ ಅತ್ತೆಯ ಥರ. ಒಂದೇ ಕೆಲಸಕ್ಕೆ ಎರಡು ಸಲ ಗಂಟೆ ಹೊಡೆಯುತ್ತಿತ್ತು. ನನಗೆ ಹಲ್ಲು ಕೀಳಿಸಬೇಕಿತ್ತು, ಮಗಳು ಅದನ್ನ ಅವಳ ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿದ್ದಳು. ಬೆಳಗಾದರೆ ಆಫೀಸಿನ ಹುಡುಗಿ, "ಅಜ್ಜಿ, ಮಂಗಳವಾರ ಹಲ್ಲು ಕೀಳೋ ಮನೆ ಯಾವ ಏರಿಯಾದಲ್ಲಿ ಬರುತ್ತೆ?" ಅಂತ ಕೇಳಿದಳು.

"ನನ್ನ ಬಾಯಲ್ಲಿ ಬರುತ್ತೆ" ಅಂದೆ.

ಇನ್ನೊಂದು ಸಲ ಮಗಳು ಶಾಲೆಯ ಟೀಚರುಗಳಿಗೆ ಲ್ಯಾಪ್‌ಟಾಪಿನಲ್ಲಿ ಏನೋ ತೋರಿಸುತ್ತಿದ್ದಾಗ ಯಾವುದೋ ಮಗುವಿನ ಕುಂಡಿ ದಡಾರ್ ಅಂತ ಪರದೆ ಮೇಲೆ ಬಂತಂತೆ. ಆ ಮಗುಗೆ ಗುಳ್ಳೆ ಎದ್ದಿತ್ತು, ಮೇಡಂಗೆ ತೋರಿಸೋಣ ಅಂತ ನಾನೇ ಫೋಟೋ ತೆಗೆದಿದ್ದೆ. ಮಗಳು ಮನೆಗೆ ಬಂದು ಕೂಗಾಡಿದಳು. ಆ ಕಡೆ ಆಫೀಸಿನ ಹುಡುಗಿ ಒಂದೇ ನಂಬರು ಎರಡೆರಡು ಸಲ ಇದೆ ಅಂತ ಕ್ಲೀನ್ ಮಾಡೋಕೆ ಹೋಗಿ ಮಗಳ ಸೋದರತ್ತೆಯ ನಂಬರನ್ನೇ ಹಾರಿಸಿದಳು. ಇಬ್ಬರೂ ಫೋನಿನಲ್ಲಿ ಜಗಳ ಆಡಿದರು, ನನ್ನದೇ ಫೋನಿನಲ್ಲಿ, ಅದನ್ನ ಹಿಡಿದುಕೊಂಡು ನಿಂತಿರು ಅಂತ ನನಗೆ ಹೇಳಿ. ನನಗೆ ಕೈ ನೋಯುತ್ತಿತ್ತು. ಆಯ್ತಾ, ಮುಗೀತಾ ಅಂತ ಕೇಳುತ್ತಾ ನಿಂತಿದ್ದೆ.

ಇಷ್ಟಾದರೂ ಬಿಡಿಸಲಿಲ್ಲ. ಕಳೆದುಹೋಗೋದಿಲ್ಲವಲ್ಲ, ತೊಂದರೆ ಇದ್ದರೆ ಇರಲಿ ಅಂತ.

ದೊಮ್ಮಲೂರಿನಲ್ಲಿ ನನಗೆ ಒಂದು ಹಳೇ ಮನೆ ಇತ್ತು. ಒಂದು ಕಾಲಕ್ಕೆ ಅಲ್ಲೇ ಹೊಲ ಇಟ್ಟುಕೊಂಡು ರಾಗಿ ಬೆಳೆಯುತ್ತಿದ್ದವರು, ಈಗ ಆ ಹೊಲದ ಮೇಲೆ ಮಹಡಿ ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾರೆ. ಆ ಮನೆಯ ಅಜ್ಜಿಗೆ ನನಗಿಂತ ಹತ್ತು ವರ್ಷ ಹೆಚ್ಚು. ಅವರ ಮೊಮ್ಮಗಳು ಹುಟ್ಟಿದಾಗ ನಾನೇ ನೀರು ಹಾಕಿದ್ದು. ಈಗ ಆ ಮೊಮ್ಮಗಳೇ ಬಸುರಿ, ದಿನ ತುಂಬಿತ್ತು. ಕರೆಯುತ್ತಾರೆ ಅಂತ ಕಾಯುತ್ತಿದ್ದೆ. ಫೋನ್ ಬರಲಿಲ್ಲ. ಹೂವಿನವಳು ಒಬ್ಬಳು, "ಆ ಮನೇಲಿ ಗಂಡು ಮಗು ಆಗಿ ಹತ್ತು ದಿನದ ಮೇಲಾಯ್ತಲ್ಲಕ್ಕ, ನೀನು ಹೋಗ್ತಿಲ್ವಾ?" ಅಂದಳು. ಅವತ್ತು ಬುಧವಾರ. ಇದ್ದ ಕೆಲಸ ಮುಗಿಸಿ ನೇರ ಅಲ್ಲಿಗೆ ಹೋದೆ.

ಬಚ್ಚಲ ಬಾಗಿಲು ತೆರೆದಿತ್ತು. ಒಳಗೆ ಒಬ್ಬಳು ಮಣೆ ಮೇಲೆ ಕೂತಿದ್ದಳು. ಕೃಷ್ಣರಾಜಪುರದ ಕಡೆಯವಳು, ನಮ್ಮ ಆಫೀಸಿನವಳೇ, ದಿನಾ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಾಯಿಸಿಕೊಂಡು ಬರುವವಳು. ಮೂವತ್ತೈದು ವರ್ಷ ಇರಬಹುದು. ಕಾಲಿನ ಮೇಲೆ ಮಗು, ಮೈಯೆಲ್ಲ ಎಣ್ಣೆ. ನನ್ನನ್ನ ನೋಡಿ ಅವಳ ಮುಖ ಇಳಿದುಹೋಯಿತು.

"ಅಕ್ಕಾ, ಇದು ನಿಮ್ಮ ಮನೇನಾ? ಆಫೀಸಿಂದ ಹೋಗು ಅಂದ್ರು, ಬಂದೆ. ದೇವ್ರಾಣೆ ಗೊತ್ತಿರ್ಲಿಲ್ಲ" ಅಂತ ಏಳೋಕೆ ಹೋದಳು.

"ಕೂತ್ಕೊಳೇ. ಎಣ್ಣೆ ಮೈ ಮಗೂನ ಇಟ್ಕೊಂಡ್ ಏಳ್ತೀಯಾ? ಜಾರುತ್ತೆ."

ಅಜ್ಜಿ ಹಿಂದಿನಿಂದ ಬಂದರು. "ನೀನೇ ಕಳಿಸಿದ್ದು ಅಂದ್ಕೊಂಡೆ ಕಣೇ ನಾನು. ಆಫೀಸಿಂದ ಯಾವಳೋ ಹುಡುಗಿ ಫೋನ್ ಮಾಡಿ ನಿನ್ನ ಹೆಸರು ಹೇಳಿದ್ಳು. ಮೊಮ್ಮಗಳಿಗೆ ದಿನ ತುಂಬಿದೆ ಅಲ್ವಾ ಅಂತ ಅವಳೇ ಕೇಳಿದ್ಳು. ನೀನು ಹೇಳಿರ್ದೇ ಅವಳಿಗೆ ಹೆಂಗ್ ಗೊತ್ತಾಗುತ್ತೆ?"

"ಅದೇ ನನಗೂ ಗೊತ್ತಾಗ್ತಿಲ್ಲ" ಅಂದೆ. ಆದರೆ ಅಷ್ಟು ಹೊತ್ತಿಗೆ ಗೊತ್ತಾಗುತ್ತಾ ಬಂದಿತ್ತು.

"ಈಗ ಬಂದ್ಯಲ್ಲ, ನಾಳೆಯಿಂದ ನೀನೇ ಹಾಕು."

ಆಗುವುದಿಲ್ಲ ಅಂದೆ. ಹತ್ತು ದಿನ ಅವಳ ಕೈ ಬಿದ್ದಿದೆ, ಇನ್ನು ಮೂರು ತಿಂಗಳು ತುಂಬುವ ತನಕ ಅವಳದ್ದೇ. ನಾನೇ ಕಟ್ಟುಪಾಡು ಮುರಿದರೆ ನಾಳೆ ಯಾವ ಬಾಯಲ್ಲಿ ಇನ್ನೊಬ್ಬಳಿಗೆ ಹೇಳಲಿ? ಸೀರೆ ಎತ್ತಿ ಕಟ್ಟಿಕೊಂಡು ಚೊಂಬು ತಗೊಂಡೆ. ಅವಳು ತಿಕ್ಕಿದಳು, ನಾನು ನೀರು ಹುಯ್ದೆ. ಕತ್ತು ಹಿಡಿಯೋದು ಸ್ವಲ್ಪ ಸಡಿಲ ಇತ್ತು, ಹೇಳಿಕೊಟ್ಟೆ. ಮಿಕ್ಕಂತೆ ಕೈ ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಬಯ್ದಾದರೂ ಸಮಾಧಾನ ಆಗುತ್ತಿತ್ತು.

ಅಲ್ಲಿಂದ ಆಫೀಸು ಹತ್ತು ನಿಮಿಷ. ಹೋದೆ. ಮೇಡಂ ಊಟದ ಡಬ್ಬಿ ಬಿಚ್ಚುತ್ತಿದ್ದರು.

"ನನ್ನ ಮನೆಗಳಿಗೆ ನೀವು ಹೆಂಗಸರನ್ನ ಕಳಿಸ್ತಿದೀರಾ?"

"ಕೂತ್ಕೊಳಿ ಅಮ್ಮ. ಊಟ ಆಯ್ತಾ?"

"ಊಟದ ಮಾತು ಆಮೇಲೆ."

ಅವರು ಕಂಪ್ಯೂಟರನ್ನ ನನ್ನ ಕಡೆ ತಿರುಗಿಸಿದರು. ಅದರೊಳಗೆ ನನ್ನ ಮನೆಗಳೆಲ್ಲ ಸಾಲಾಗಿ ನಿಂತಿದ್ದವು. ಜೋಡಿ ಬಾಗಿಲ ಮನೆ, ನಾಯಿ ಇರೋ ಮನೆ, ಅತ್ತೆ ನಿಂತು ನೋಡೋ ಮನೆ. ಒಂದೊಂದರ ಕೆಳಗೂ ಮಗಳ ಹತ್ತಿರ ನಾನು ಬರೆಸಿದ ಮಾತು ಹಾಗೇ ಇತ್ತು.

"ನಿಮ್ಮ ಕೈಲಿ ದಿನಕ್ಕೆ ಎಷ್ಟ್ ಮನೆ ಆಗುತ್ತೆ ಹೇಳಿ" ಅಂದರು ಮೇಡಂ. "ಮೂರು. ಇಲ್ಲಿ ನೂರರ ಮೇಲಿದೆ. ಮಿಕ್ಕವರು ಯಾರನ್ನ ಕರೀಬೇಕು? ಯಾರೋ ಗೊತ್ತಿಲ್ದೋರನ್ನ ಕರೆಯೋ ಬದ್ಲು ನಾವೇ ಕಳಿಸಿದ್ರೆ ತಪ್ಪೇನು?"

"ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಕೇಳಿದ್ಳಲ್ಲ. ಎರಡು ಸಲ ಕೇಳಿದ್ಳಂತೆ, ನೀವೇ ಎಲ್ಲಾ ಹಾಕು ಅಂದ್ರಂತೆ."

ಹುಡುಗಿ ಆ ಕಡೆ ಮುಖ ಮಾಡಿಕೊಂಡು ಏನೋ ಹುಡುಕುವವಳ ಥರ ಡ್ರಾಯರ್ ತೆಗೆದಳು. ಅಳಿಸಿ ಅಂದೆ. ನೋಡೋಣ ಅಮ್ಮ ಅಂದರು. ನೋಡೋಣ ಅಂದರೆ ಇಲ್ಲ ಅಂತ.

"ಯಾರ್ಯಾರಿಗೆ ಫೋನ್ ಮಾಡಿದೀರಾ?"

"ದಿನ ತುಂಬಿದೋರಿಗೆ ಮಾತ್ರ, ಏಳೆಂಟು ಮನೆ. ನಾಳೆ ಬೆಳಿಗ್ಗೆಯಿಂದ ಎಷ್ಟನೇ ತಿಂಗಳು ಅಂತ ಬರೆದಿರೋ ಎಲ್ಲಾ ಮನೆಗೂ ಮಾಡಿಸ್ತೀನಿ. ಹೊಸೂರಲ್ಲಿ ಇಬ್ಬರು ಹುಡುಗೀರನ್ನ ಇಟ್ಟಿದೀನಿ, ಈ ಪಟ್ಟಿ ಅವರ ಕಂಪ್ಯೂಟರಲ್ಲೂ ಕಾಣುತ್ತೆ, ಅವರವರ ಮನೆಯಿಂದಲೇ ಮಾಡ್ತಾರೆ, ಒಂಬತ್ತಕ್ಕೆ ಶುರು."

ಏಳೆಂಟು ಮನೆ ಹೋಯಿತು, ಮಿಕ್ಕಿದ್ದೂ ನಾಳೆ ಹೋಗುತ್ತೆ ಅಂತ ಅಷ್ಟೇ ಆಗ ನನ್ನ ತಲೆಗೆ ಬಂದದ್ದು. ಎದ್ದು ಬಂದೆ. ಬಸ್ಸಿನಲ್ಲಿ ಕೂರೋಕೆ ಜಾಗ ಇರಲಿಲ್ಲ.

ಸಂಜೆ ಆರಕ್ಕೆ ಮಗಳು ಬಂದಳು. ಕಾಫಿ ಕುಡಿಯೋ ಮುಂಚೆಯೇ ನಡೆದದ್ದೆಲ್ಲ ಹೇಳಿದೆ, ಆಫೀಸಿನದ್ದು ಬಿಡಿಸು ಅಂದೆ. ಅವಳು ಲ್ಯಾಪ್‌ಟಾಪು ತೆಗೆದು ಐದು ನಿಮಿಷದಲ್ಲಿ ಏನೋ ಒತ್ತಿ ಬಿಡಿಸಿದಳು.

"ಆಯ್ತು. ಇನ್ಮೇಲೆ ನಾವು ಬರೆಯೋದು ಅಲ್ಲಿಗೆ ಹೋಗಲ್ಲ. ಅಲ್ಲಿನ ಕೆಲಸ ಏನೂ ಇಲ್ಲಿಗೆ ಬರಲ್ಲ."

"ಈಗಾಗ್ಲೇ ಹೋಗಿರೋದು?"

"ಅದು ಹೋಗಿದೆಯಲ್ಲ, ಅವರ ಹತ್ರ ಇರುತ್ತೆ."

ಇನ್ನೇನು ಉಳಿದಿದೆ ನೋಡೋಣ ಅಂತ ಒಂದೊಂದಾಗಿ ಓದು ಅಂದೆ. ಯಾವ ಮನೆಯವರು ಗಟ್ಟಿ, ಆಫೀಸಿನಿಂದ ಫೋನ್ ಬಂದರೂ ಯಾರು ನನ್ನನ್ನೇ ಕರೆಯುತ್ತಾರೆ ಅಂತ ಲೆಕ್ಕ ಹಾಕೋಣ ಅಂತ. ಅವಳು ಓದುತ್ತಾ ಹೋದಳು. ನಾನು ಹೂಂ, ಊಹೂಂ ಅನ್ನುತ್ತಾ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಒಂದು ಕಡೆ ಅವಳ ದನಿ ನಿಂತಿತು.

"ಅಮ್ಮಾ. 'ವಿಮೆ ಕಾಲೊನಿ ಮೂಲೆ ಮನೆ. ಸೊಸೆಗೆ ಮೂರನೇ ತಿಂಗಳು. ಹಿಂದೆ ಎರಡು ಹೋಗಿದೆ. ಅತ್ತೆಗೆ ಹೇಳಿಲ್ಲ.' ಇದನ್ನ ಯಾಕಮ್ಮ ಬರೆಸ್ದೆ?"

ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟೆ.

ಇಂದಿರಾನಗರ ದಾಟಿದರೆ ವಿಮೆ ನೌಕರರ ಕಾಲೊನಿ. ಆ ಮೂಲೆ ಮನೆಯ ಮಗಳ ಬಾಣಂತನಕ್ಕೆ ಹಿಂದಿನ ತಿಂಗಳ ತನಕ ನಾನು ಹೋಗುತ್ತಿದ್ದೆ. ಒಂದು ದಿನ ಸೊಸೆ ಬಚ್ಚಲಿಗೆ ಟವೆಲ್ ಕೊಡೋ ನೆಪದಲ್ಲಿ ಬಂದು ಬಾಗಿಲು ಮುಂದಕ್ಕೆ ತಳ್ಳಿ ನನ್ನ ಕಿವಿಯಲ್ಲಿ ಹೇಳಿದ್ದಳು. ಹಿಂದಿನ ಎರಡು ಸಲವೂ ಅತ್ತೆ ವಾರದೊಳಗೆ ನೆಂಟರಿಗೆಲ್ಲ ಫೋನ್ ಮಾಡಿ ಸಂತೋಷ ಹಂಚಿದ್ದರು. ಹೋದ ಮೇಲೆ ಅದೇ ನೆಂಟರಿಗೆಲ್ಲ ಮತ್ತೆ ಫೋನ್. ಒಬ್ಬೊಬ್ಬರೂ ಬಂದು ಇವಳ ಎದುರು ಕೂತು ಲೊಚಗುಟ್ಟಿ ಹೋದರು. ಅತ್ತೆ ಕೆಟ್ಟವರಲ್ಲ, ಬಾಯಲ್ಲಿ ಮಾತು ನಿಲ್ಲುವುದಿಲ್ಲ ಅಷ್ಟೇ. ಅದಕ್ಕೇ ಐದು ತುಂಬುವ ತನಕ ಗಂಡನಿಗೂ ನನಗೂ ಬಿಟ್ಟು ಯಾರಿಗೂ ಹೇಳೋದಿಲ್ಲ ಅಂದಿದ್ದಳು. ಸೊಂಟ ಸೆಳೆಯುತ್ತೆ, ಏನು ಮಾಡಲಿ ಅಂತ ಕೇಳೋಕೆ ನನಗೆ ಹೇಳಿದ್ದು. ಹೇಳಿದೆ. ಬೇರೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆದರೆ ಭಾನುವಾರ ಕೂತಾಗ ಮರೆತುಬಿಟ್ಟೇನು ಅಂತ ಬರೆಸಿದ್ದೆ. ಬರೆಸೋದು ಅಂದರೆ ಹೇಳಿದ ಹಾಗೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

"ಯಾರ ನಂಬರು ಅದು?"

"ಅತ್ತೇದು" ಅಂದೆ. ಮಗಳ ಬಾಣಂತನಕ್ಕೆ ಕರೆದದ್ದು ಅವರು, ಹಾಗಾಗಿ ಅವರ ನಂಬರೇ ಇದ್ದದ್ದು. ಸೊಸೆಯ ನಂಬರು ನನ್ನ ಹತ್ತಿರ ಇರಲಿಲ್ಲ.

"ನಾಳೆ ಒಂಬತ್ತಕ್ಕೆ ಆ ಹೊಸೂರಿನ ಹುಡುಗಿ ಫೋನ್ ಮಾಡಿ, ನಿಮ್ಮ ಸೊಸೆಗೆ ಮೂರನೇ ತಿಂಗಳಲ್ವಾ ಅಂತ ಅತ್ತೇನೇ ಕೇಳ್ತಾಳೆ."

"ಅಳಿಸು ಮೊದ್ಲು ಅದನ್ನ!"

ಅಳಿಸಿದಳು. ಫೋನಿನಿಂದಲೂ ಹೋಯಿತು. ಆಮೇಲೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಮ್ಮ, ಆಫೀಸಿಂದು ಈಗ ತಾನೇ ಬಿಡಿಸಿದ್ನಲ್ಲ. ಬಿಡಿಸೋ ಮುಂಚೆ ಅಳಿಸಿದ್ರೆ ಅಲ್ಲೂ ಹೋಗಿರ್ತಿತ್ತು. ಈಗ ಇಲ್ಲಿ ಮಾತ್ರ ಹೋಯ್ತು."

"ಮತ್ತೆ ಜೋಡ್ಸು."

"ಅದಕ್ಕೆ ಅವರ ಕಂಪ್ಯೂಟರ್ ಮುಂದೆ ಕೂರ್ಬೇಕು. ಆಫೀಸ್ ಬೀಗ ಹಾಕಿರುತ್ತೆ."

ಬೇಡದಾಗ ಸೋದರತ್ತೆಯ ನಂಬರು ಹಾರಿಸಿತು, ಬೇಕಾದಾಗ ಒಂದು ಸಾಲು ಅಳಿಸೋಕೆ ಆಗಲಿಲ್ಲ. ಮೇಡಂಗೆ ಫೋನ್ ಮಾಡಿದೆ. ಒಂದು ಸಲ ಹೊಡೆದುಕೊಂಡು ನಿಂತಿತು, ಆಮೇಲೆ ಸ್ವಿಚ್ ಆಫ್. ಆಫೀಸಿನ ನಂಬರು ಯಾರೂ ಎತ್ತಲಿಲ್ಲ. ಹೊಸೂರಿನ ಹುಡುಗಿಯರ ನಂಬರು ನಮಗೆ ಗೊತ್ತಿಲ್ಲ.

"ಬೆಳಿಗ್ಗೆ ಹತ್ತಕ್ಕೆ ಆಫೀಸ್ ಬೀಗ ತೆಗೆಯೋ ಹೊತ್ತಿಗೆ ನಾನು ಹೋಗಿ ಅಳಿಸ್ಕೊಂಡ್ ಬರ್ತೀನಿ. ಶಾಲೆಗೆ ಲೇಟ್ ಆದ್ರೆ ಆಗ್ಲಿ" ಅಂದಳು ಮಗಳು. "ಆದ್ರೆ ಒಂಬತ್ತರಿಂದ ಹತ್ತರ ತನಕ ಏನ್ ಮಾಡೋದು?"

ಒಂಬತ್ತರಿಂದ ಹತ್ತರ ತನಕ ನನ್ನ ಪಾಲು ಅಂದೆ. ಅಡುಗೆ ಮಾಡೋಕೆ ಮನಸ್ಸು ಬರಲಿಲ್ಲ. ಮಧ್ಯಾಹ್ನದ ಸಾರನ್ನೇ ಬಿಸಿ ಮಾಡಿದೆ.

ಮಾರನೇ ಬೆಳಿಗ್ಗೆ ನೀರು ಹಾಕೋ ಮನೆಗಳಿಗೆ ತಡ ಆಗುತ್ತೆ ಅಂತ ಫೋನ್ ಮಾಡಿ ಆಟೋ ಹಿಡಿದೆ. ಎಂಟೂವರೆಗೆ ಮೂಲೆ ಮನೆ ಬಾಗಿಲು ತಟ್ಟಿದೆ. ಅತ್ತೆಯೇ ತೆಗೆದರು.

"ಇದೇನ್ರೀ ಇಷ್ಟ್ ಬೆಳಿಗ್ಗೆ? ನಮ್ಮನೇಲಿ ಸದ್ಯಕ್ಕೆ ಯಾವ ಮಗೂನೂ ಇಲ್ವಲ್ಲ!"

"ಈ ಕಡೆ ಬಂದಿದ್ದೆ. ಒಂದ್ ಲೋಟ ನೀರು ಕುಡಿದು ಹೋಗೋಣ ಅಂತ."

ನೀರು ಕೇಳಿದ್ದು ಅಡುಗೆಮನೆಗೆ ಹೋಗೋಕೆ. ಸೊಸೆ ಒಲೆ ಮುಂದೆ ನಿಂತು ಚಪಾತಿ ಬೇಯಿಸುತ್ತಿದ್ದಳು. ಸುತ್ತಿ ಬಳಸಿ ಹೇಳೋದು ನನಗೆ ಬರುವುದಿಲ್ಲ.

"ನೀನು ಹೇಳಿದ್ದನ್ನ ನಾನು ಫೋನಲ್ಲಿ ಬರೆಸಿಟ್ಟಿದ್ದೆ. ಅದು ನಮ್ಮ ಆಫೀಸಿನ ಕಂಪ್ಯೂಟರಿಗೆ ಹೋಗಿದೆ. ಒಂಬತ್ತರ ಮೇಲೆ ಯಾವಳೋ ನಿಮ್ಮತ್ತೆಗೆ ಫೋನ್ ಮಾಡಿ ಮೂರನೇ ತಿಂಗಳು ಅಂತ ಹೇಳ್ತಾಳೆ. ಹತ್ತು ಗಂಟೆಗೆ ನನ್ನ ಮಗಳು ಹೋಗಿ ಅಳಿಸ್ತಾಳೆ. ಅಲ್ಲಿ ತನಕ ನಿಮ್ಮತ್ತೆ ಫೋನ್ ಎತ್ತಬಾರದು. ಇಲ್ಲಾ, ಈಗ್ಲೇ ನೀನೇ ಹೇಳ್ಬಿಡು."

ಚಪಾತಿ ಕರಕಾಗುತ್ತಿತ್ತು. ಅವಳು ನೋಡಲಿಲ್ಲ.

"ಬರೆಸಿದ್ರಾ? ಯಾಕೆ?"

"ಮರೀತೀನಿ ಅಂತ."

"ನಾನು ನಿಮಗೆ ಒಬ್ಬರಿಗೇ ಹೇಳಿದ್ದು ಅಜ್ಜಿ."

"ಗೊತ್ತು."

"ಇನ್ಮೇಲೆ ಹೇಳಲ್ಲ."

"ಹೇಳ್ಬೇಡ. ಈಗ ಫೋನ್ ಎಲ್ಲಿದೆ ನೋಡು."

ಒಲೆ ಆರಿಸಿ ಕೈ ಒರೆಸಿಕೊಂಡು ಹಾಲಿಗೆ ಹೋದಳು. ಅತ್ತೆಯ ಫೋನು ಟಿವಿ ಪಕ್ಕ ಚಾರ್ಜಿಗೆ ಹಾಕಿತ್ತು. ತಂದು, ಸದ್ದು ಆರಿಸಿ, ಅಕ್ಕಿ ಡಬ್ಬದ ಹಿಂದೆ ಇಟ್ಟಳು. "ಒಂಬತ್ತಾದ್ರೆ ದಿನಾ ಅವರಕ್ಕಂಗೆ ಫೋನ್ ಮಾಡ್ತಾರೆ, ಹುಡುಕ್ತಾರೆ" ಅಂದಳು.

ನಾನು ಹಾಲಿಗೆ ಬಂದೆ. ಗಡಿಯಾರದಲ್ಲಿ ಒಂಬತ್ತಕ್ಕೆ ಐದು ನಿಮಿಷ ಇತ್ತು. ಅತ್ತೆ ಆಗಲೇ ಫೋನ್ ಎಲ್ಲಿ ಅಂತ ಏಳುತ್ತಿದ್ದರು, ಏಳುವಾಗ ಮಂಡಿ ಹಿಡಿದುಕೊಂಡರು.

"ಮಂಡಿ ನೋವಾ? ಎಷ್ಟ್ ದಿನದಿಂದ?"

"ವರ್ಷದಿಂದ ಕಣ್ರೀ. ಮೆಟ್ಟಿಲು ಇಳಿಯೋಕ್ ಆಗಲ್ಲ."

"ಕೂತ್ಕೊಳಿ. ಎಳ್ಳೆಣ್ಣೆ ಇದ್ರೆ ತರಿಸಿ, ತಿಕ್ಕಿ ಕೊಡ್ತೀನಿ."

"ಅಯ್ಯೋ, ನೀವು ಮಗು ಬಾಣಂತಿ ನೋಡ್ಕೊಳ್ಳೋರು, ನನಗ್ಯಾಕೆ ಇದೆಲ್ಲ?"

"ಕಾಲು ಕಾಲೇ. ಚಾಚಿ."

ಸೊಸೆ ಎಣ್ಣೆ ಬೆಚ್ಚಗೆ ಮಾಡಿ ತಂದುಕೊಟ್ಟಳು, ನನ್ನ ಮುಖ ನೋಡಲಿಲ್ಲ. ಅತ್ತೆಯ ಕಾಲನ್ನ ನನ್ನ ತೊಡೆ ಮೇಲೆ ಹಾಕಿಕೊಂಡು ಕೂತೆ. ಎಣ್ಣೆ ಬಿದ್ದ ಕಾಲಲ್ಲಿ ಎದ್ದು ಓಡಾಡೋಕೆ ಆಗುವುದಿಲ್ಲ. ಮಂಡಿಯ ಚಿಪ್ಪು ಸುತ್ತ ಹೆಬ್ಬೆರಳಲ್ಲಿ ಒತ್ತಿದೆ, ಮೀನಖಂಡ ಮೇಲಿಂದ ಕೆಳಗೆ ಎಳೆದೆ. ಅವರು ಕಣ್ಣು ಮುಚ್ಚಿಕೊಂಡು ಮಗಳ ಮನೆಯ ಸುದ್ದಿ, ನೀರಿನ ಟ್ಯಾಂಕರಿನ ಸುದ್ದಿ, ಎದುರು ಮನೆಯವರ ಸುದ್ದಿ ಎಲ್ಲ ಹೇಳಿದರು. ನಾನು ಹೂಂಗುಟ್ಟಿದೆ. ಮಧ್ಯೆ ಸೊಸೆ ಅಡುಗೆಮನೆ ಬಾಗಿಲಿಗೆ ಬಂದು ಎರಡು ಬೆರಳು ತೋರಿಸಿದಳು. ಎರಡು ಸಲ ಫೋನ್ ಬಂದಿದೆ ಅಂತ. ನನ್ನ ಸೊಂಟ ಬಿಟ್ಟುಹೋಗುತ್ತಿತ್ತು.

ಹತ್ತೂಕಾಲಿಗೆ ಮಗಳ ಫೋನು ಬಂತು. ಕೈಯೆಲ್ಲ ಎಣ್ಣೆ, ಮೊಣಕೈಯಲ್ಲಿ ಒತ್ತಿದೆ.

"ಅಳಿಸ್ದೆ ಅಮ್ಮ. ಮೇಡಂ ಎದುರಿಗೇ. ಹೊಸೂರಿನ ಹುಡುಗೀರ ಹತ್ರಾನೂ ಹೋಯ್ತು."

"ಸರಿ" ಅಂದೆ.

"ಯಾರು?" ಅಂದರು ಅತ್ತೆ ಕಣ್ಣು ಬಿಡದೆ.

"ಮಗಳು. ಊಟದ ಡಬ್ಬಿ ಕೇಳ್ತಾಳೆ."

ಆಗ ಒಂದು ಕಾಲು ಮುಗಿದಿತ್ತು. ಅಷ್ಟಕ್ಕೇ ಎದ್ದು ಹೊರಟರೆ ಏನು ವಿಷಯ ಅಂತ ಕೇಳುತ್ತಿದ್ದರು. ಇನ್ನೊಂದು ಕಾಲನ್ನೂ ತೊಡೆ ಮೇಲೆ ಎಳೆದುಕೊಂಡು ತಿಕ್ಕಿದೆ.